ಕಾಫಿಯ ಕೊಳ್ಳುಗರೂ ಸ್ಪರ್ಧಾ ಶಾಸನವೂ: ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮಲೆಸೀಮೆಯನ್ನು ಕುರಿತು ಒಂದು ವಿವೇಚನೆ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಮಲೆಸೀಮೆಯಲ್ಲಿ ಕಾಫಿಯನ್ನು ಬೆಳೆಯುವವರು ಅನೇಕರು. ಅದನ್ನು ಕೊಳ್ಳುವವರು ಕೆಲವರು. ಭಾರತದ ಕಾಫಿಯಲ್ಲಿ ಸುಮಾರು ಶೇಕಡ ೭೦ ಪಾಲು ಕರ್ನಾಟಕದ್ದು. ದೇಶದ ಕಾಫಿ ಹಿಡುವಳಿಗಳ ಪೈಕಿ ಶೇಕಡ ೯೮ಕ್ಕಿಂತ ಹೆಚ್ಚಿನವು ಹತ್ತು ಹೆಕ್ಟೇರಿಗಿಂತ ಕಿರಿದಾದವು. ಹೀಗಿರಲಾಗಿ, ಬೆಳೆಗಾರನಿಗೆ ದೊರೆಯುವ ಬೆಲೆಯು ಬೆಳೆಯ ಗುಣವನ್ನು ಮಾತ್ರವಲ್ಲದೆ, ಆ ಬೆಳೆಯನ್ನು ಕೊಳ್ಳಲು ತಮ್ಮತಮ್ಮಲ್ಲಿ ನಿಜವಾಗಿ ಪೈಪೋಟಿ ನಡೆಸತಕ್ಕ ಕೊಳ್ಳುಗರು ಎಷ್ಟು ಮಂದಿ ಇದ್ದಾರೆಂಬುದನ್ನೂ ಅವಲಂಬಿಸಿರುತ್ತದೆ. ಕಂಪೆನಿಗಳ ವಿಲೀನವನ್ನೂ ವರ್ತಕರ ಒಳಒಪ್ಪಂದಗಳನ್ನೂ ನಿಯಂತ್ರಿಸುವ ಸ್ಪರ್ಧಾ ಶಾಸನವು ಇತ್ತೀಚಿನ ವರ್ಷಗಳಲ್ಲಿ ಬಹಳ ಮಾರ್ಪಾಡುಗಳನ್ನು ಹೊಂದಿದೆ. ಆ ಶಾಸನವು ಮಲೆನಾಡಿನ ಬೆಳೆಗಾರನನ್ನು ಎಷ್ಟರ ಮಟ್ಟಿಗೆ ಮುಟ್ಟುತ್ತದೆ, ಎಲ್ಲಿ ಅವನನ್ನು ಮುಟ್ಟದೆ ನಿಲ್ಲುತ್ತದೆ ಎಂಬುದೇ ಪ್ರಕೃತ ಲೇಖನದ ವಿಚಾರ. ಕಾನೂನಿನ ಸೂಕ್ಷ್ಮಗಳಿಗೆ ಇಳಿಯುವ ಮೊದಲು ಕಾಫಿಯ ಮಾರಾಟದ ಹಿಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

೧. ಒಬ್ಬನೇ ಕೊಳ್ಳುಗನ ಕಾಲ

ಎರಡನೆಯ ಮಹಾಯುದ್ಧಕ್ಕೆ ಮೊದಲು ಈ ಸೀಮೆಯ ಕಾಫಿಯು ಹೆಚ್ಚಾಗಿ ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತಿತ್ತು. ಅಲ್ಲಿ ಪಿಯರ್ಸ್ ಲೆಸ್ಲಿಯಂತಹ ಕಂಪೆನಿಗಳ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹದಗೊಂಡು ಹಡಗನ್ನೇರುತ್ತಿತ್ತು. ಯುದ್ಧವು ಯೂರೋಪಿನ ಮಾರುಕಟ್ಟೆಗಳನ್ನು ಮುಚ್ಚಿದಾಗ ಬೆಳೆಗಾರರು ಕಷ್ಟಕ್ಕೆ ಸಿಕ್ಕಿದರು. ಸರ್ಕಾರವು ೧೯೪೦ರಲ್ಲಿ ಒಂದು ಸುಗ್ರೀವಾಜ್ಞೆಯನ್ನು ಹೊರಡಿಸಿ, ೧೯೪೨ರಲ್ಲಿ ಅದನ್ನು ಕಾಯಿದೆಯಾಗಿ ಮಾಡಿತು. ಬೆಂಗಳೂರಿನಲ್ಲಿ ಕೇಂದ್ರ ಕಛೇರಿಯುಳ್ಳ ಕಾಫಿ ಮಂಡಳಿಯ ಅಧಿಕಾರಕ್ಕೆ ಈ ಕಾಯಿದೆಯೇ ಮೂಲ. ಇದರ ಮುಖ್ಯ ಏರ್ಪಾಡು 'ಪೂಲ್' ಎಂಬುದು. ಮನೆಬಳಕೆಗೂ ಬೀಜಕ್ಕೂ ಬೇಕಾದುದನ್ನು ಬಿಟ್ಟು ಉಳಿದ ಕಾಫಿಯನ್ನೆಲ್ಲ ಬೆಳೆಗಾರನು ಮಂಡಳಿಗೆ ಒಪ್ಪಿಸಬೇಕಾಗಿತ್ತು. ಒಪ್ಪಿಸಿದ ಮೇಲೆ ಆ ಕಾಫಿಯಲ್ಲಿ ಅವನಿಗೆ ಹಣವನ್ನು ಪಡೆಯುವ ಹಕ್ಕಲ್ಲದೆ ಬೇರೆ ಯಾವ ಹಕ್ಕೂ ಉಳಿಯುತ್ತಿರಲಿಲ್ಲ. ಮಂಡಳಿಯು ಕಾಫಿಯನ್ನು ಹರಾಜು ಮೊದಲಾದ ಕ್ರಮಗಳಿಂದ ಮಾರಿ, ಬಂದ ಹಣವನ್ನು ಗುಣಕ್ಕೆ ತಕ್ಕಂತೆ ಕಂತು ಕಂತಾಗಿ ಹಂಚುತ್ತಿತ್ತು.

ಈ ಏರ್ಪಾಡಿನ ಕಾನೂನು ಸ್ವರೂಪವನ್ನು ಸರ್ವೋಚ್ಚ ನ್ಯಾಯಾಲಯವು ೧೯೮೮ರಲ್ಲಿ ಕಾಫಿ ಮಂಡಳಿ ಮತ್ತು ಕರ್ನಾಟಕದ ವಾಣಿಜ್ಯ ತೆರಿಗೆ ಆಯುಕ್ತರ ನಡುವಣ ವ್ಯಾಜ್ಯದಲ್ಲಿ ವಿಚಾರ ಮಾಡಿತು. ಕಡ್ಡಾಯವಾಗಿ ಒಪ್ಪಿಸುವುದೂ 'ಮಾರಾಟ'ವೆನಿಸುವುದೇ ಎಂಬುದು ಅಲ್ಲಿಯ ಪ್ರಶ್ನೆ. ಕಡ್ಡಾಯದ ಅಂಶವಿದ್ದರೂ ಅದು ಮಾರಾಟವೇ, ಆದುದರಿಂದ ಮಂಡಳಿಯು ಕೊಳ್ಳುಗನಾಗಿ ಖರೀದಿ ತೆರಿಗೆಗೆ ಹೊಣೆ ಎಂದು ನ್ಯಾಯಾಲಯವು ನಿರ್ಣಯಿಸಿತು. ನಮ್ಮ ವಿಷಯಕ್ಕೆ ಈ ತೀರ್ಪಿನ ಮಹತ್ವವು ತೆರಿಗೆಯಲ್ಲಿಲ್ಲ. ಮಲೆನಾಡಿನ ಕಾಫಿಗೆ ಶಾಸನದಿಂದ ನಿರ್ಮಿತನಾದ ಒಬ್ಬನೇ ಕೊಳ್ಳುಗನಿದ್ದನು ಎಂಬ ಸಂಗತಿಯನ್ನು ಅದು ಸ್ಪಷ್ಟಪಡಿಸಿತು.

ಪೂಲಿನಿಂದ ಬೆಳೆಗಾರನಿಗೆ ಲಾಭವೂ ಇತ್ತು, ನಷ್ಟವೂ ಇತ್ತು. ಅವನಿಗೆ ಕೊಳ್ಳುಗನನ್ನು ಹುಡುಕುವ ಶ್ರಮವಿರಲಿಲ್ಲ. ಚಿಕ್ಕ ಹಿಡುವಳಿದಾರನಿಗೂ ದೊಡ್ಡ ಎಸ್ಟೇಟಿಗೂ ಒಂದೇ ಅಳತೆಗೋಲಿತ್ತು. ಆದರೆ ಕಂತುಗಳು ತಡವಾಗಿ ಬರುತ್ತಿದ್ದುವು. ಹೊರಗಣ ಬೆಲೆ ಏರಿದಾಗ ಅದರ ಫಲವು ಬೆಳೆಗಾರನನ್ನು ಪೂರ್ಣವಾಗಿ ಮುಟ್ಟುತ್ತಿರಲಿಲ್ಲ. ೧೯೮೯ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪ್ರಮಾಣಗಳು ಮುರಿದು ಬಿದ್ದುವು. ೧೯೯೧ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯೆತ್ ಒಕ್ಕೂಟವು ಅಳಿಯಿತು. ೧೯೯೨ರಿಂದ ಪೂಲನ್ನು ಹಂತ ಹಂತವಾಗಿ ಸಡಿಲಿಸಲಾಯಿತು. ೧೯೯೬ರಲ್ಲಿ ಅದು ಸಂಪೂರ್ಣವಾಗಿ ಕೊನೆಗೊಂಡಿತು. ನಡುವೆ ೧೯೯೪ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಜಗತ್ತಿನ ಬೆಲೆ ಏರಿದುದರಿಂದ ಸ್ವತಂತ್ರ ಮಾರಾಟದ ಮೊದಲ ಅನುಭವವು ಬೆಳೆಗಾರರಿಗೆ ಸಿಹಿಯಾಗಿಯೇ ಇತ್ತು. ಶತಮಾನವು ತಿರುಗುವ ಹೊತ್ತಿಗೆ ಬೆಲೆ ಕುಸಿದು ಅದರ ಕಹಿಯೂ ತಿಳಿಯಿತು.

೨. ಶಾಸನವಿಲ್ಲದ ಎರಡು ದಶಕಗಳು

ಒಬ್ಬ ಕೊಳ್ಳುಗನು ಹೋದ ಮೇಲೆ ಅನೇಕ ಕೊಳ್ಳುಗರು ಬರುವರೆಂಬುದು ನಿರೀಕ್ಷೆ. ಆದರೆ ಅದೇ ಕಾಲದಲ್ಲಿ ಕಂಪೆನಿಗಳ ವಿಲೀನವನ್ನು ಪರಿಶೀಲಿಸುವ ಕಾನೂನೂ ಮರೆಯಾಯಿತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆಯು ೧೯೬೯ರಲ್ಲಿ ಬಂದುದು. ಅದರಂತೆ ದೊಡ್ಡ ಸಂಸ್ಥೆಗಳ ವಿಲೀನಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾಗಿತ್ತು. ೧೯೯೧ರ ತಿದ್ದುಪಡಿಯು ಆ ನಿಬಂಧನೆಯನ್ನು ತೆಗೆದುಹಾಕಿತು. ಟಾಟಾ ಆಯಿಲ್ ಮಿಲ್ಸ್ ಕಂಪೆನಿಯು ಹಿಂದುಸ್ತಾನ್ ಲೀವರಿನಲ್ಲಿ ವಿಲೀನವಾದುದನ್ನು ಕಾರ್ಮಿಕ ಸಂಘವು ಪ್ರಶ್ನಿಸಿದಾಗ, ಅಂತಹ ಅನುಮತಿಯು ಇನ್ನು ಅವಶ್ಯಕವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ಹೇಳಿತು. ೨೦೦೨ರ ಸ್ಪರ್ಧಾ ಕಾಯಿದೆಯ ವಿಲೀನ ಪ್ರಕರಣಗಳು ಜಾರಿಗೆ ಬಂದುದಾದರೋ ೨೦೧೧ರ ಜೂನ್ ೧ರಂದು. ಅಂದರೆ ೧೯೯೧ರಿಂದ ೨೦೧೧ರವರೆಗೆ, ಸುಮಾರು ಇಪ್ಪತ್ತು ವರ್ಷ, ಸ್ಪರ್ಧೆಯ ದೃಷ್ಟಿಯಿಂದ ವಿಲೀನವನ್ನು ಮುಂಚಿತವಾಗಿ ಪರಿಶೀಲಿಸುವ ಅಧಿಕಾರವು ಯಾರಲ್ಲಿಯೂ ಇರಲಿಲ್ಲ.

ಕಾಫಿಯ ಉದ್ಯಮದಲ್ಲಿ ಹಲವು ದೊಡ್ಡ ಸೇರ್ಪಡೆಗಳು ನಡೆದುದು ಈ ಅವಧಿಯಲ್ಲಿಯೇ. ಬ್ರೂಕ್ ಬಾಂಡ್ ಮತ್ತು ಲಿಪ್ಟನ್ ಕಂಪೆನಿಗಳು ೧೯೯೩ರಲ್ಲಿ ಒಂದಾದುವು. ಆ ಒಂದಾದ ಕಂಪೆನಿಯು ೧೯೯೬ರಲ್ಲಿ, ಪೂಲು ಮುಗಿದ ವರ್ಷವೇ, ಹಿಂದುಸ್ತಾನ್ ಲೀವರಿನಲ್ಲಿ ಸೇರಿಹೋಯಿತು. 'ಬ್ರೂ' ಕಾಫಿಯು ಹೀಗೆ ಆ ಕಂಪೆನಿಯ ಪಾಲಾಯಿತು. ತೋಟಗಳ ಕಡೆಯಲ್ಲಿ, ಕೊಡಗಿನ ಪೊಲ್ಲಿಬೆಟ್ಟದಲ್ಲಿ ಬೇರೂರಿದ್ದ ಕನ್ಸಾಲಿಡೇಟೆಡ್ ಕಾಫಿ ಕಂಪೆನಿಯು ೧೯೯೦ರ ದಶಕದ ಆರಂಭದಲ್ಲಿ ಟಾಟಾ ಟೀ ಕಂಪೆನಿಯ ಹಿಡಿತಕ್ಕೆ ಬಂದಿತು. ಏಷ್ಯನ್ ಕಾಫಿ ಮೊದಲಾದ ಸಂಸ್ಥೆಗಳು ಶತಮಾನದ ಕೊನೆಯಲ್ಲಿ ಅದರಲ್ಲಿ ವಿಲೀನಗೊಂಡುವು. ೨೦೦೦ದಲ್ಲಿ ಅದಕ್ಕೆ ಟಾಟಾ ಕಾಫಿ ಎಂಬ ಹೆಸರಾಯಿತು. ಇದರ ಜೊತೆಗೆ ಹೊಸಬರೂ ಹುಟ್ಟಿಕೊಂಡರು. ಚಿಕ್ಕಮಗಳೂರಿನ ವಿ. ಜಿ. ಸಿದ್ಧಾರ್ಥರು ೧೯೯೩ರಲ್ಲಿ ಸ್ಥಾಪಿಸಿದ ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪೆನಿಯು ತೋಟ, ಕ್ಯೂರಿಂಗ್, ರಫ್ತು, ಚಿಲ್ಲರೆ ಅಂಗಡಿಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿತು. ಈ ಸೇರ್ಪಡೆಗಳು ಬೆಳೆಗಾರನಿಗೆ ಕೆಡುಕನ್ನೇ ಮಾಡಿದುವೆಂದು ನಾವು ಹೇಳುತ್ತಿಲ್ಲ. ಅವು ಒಳಿತನ್ನು ಮಾಡಿದುವೋ ಕೆಡುಕನ್ನು ಮಾಡಿದುವೋ ಎಂದು ಮುಂಚಿತವಾಗಿ ಕೇಳತಕ್ಕ ಪೀಠವೊಂದು ಆಗ ಇರಲಿಲ್ಲವೆಂಬುದಷ್ಟೇ ನಮ್ಮ ತಾತ್ಪರ್ಯ.

೩. ಸ್ಪರ್ಧಾ ಕಾಯಿದೆಯ ಮೂರು ಅಂಗಗಳು

೨೦೦೨ರ ಕಾಯಿದೆಯು ಮೂರು ಬಗೆಯ ನಡೆಗಳನ್ನು ಹಿಡಿತದಲ್ಲಿಡುತ್ತದೆ. ಮೂರನೆಯ ಪ್ರಕರಣವು ಸ್ಪರ್ಧೆಗೆ ಹಾನಿಯುಂಟುಮಾಡುವ ಒಪ್ಪಂದಗಳನ್ನು ನಿಷೇಧಿಸುತ್ತದೆ. ನಾಲ್ಕನೆಯದು ಪ್ರಾಬಲ್ಯದ ದುರುಪಯೋಗವನ್ನು ನಿಷೇಧಿಸುತ್ತದೆ. ಐದು ಮತ್ತು ಆರನೆಯವು ವಿಲೀನ, ಷೇರು ಖರೀದಿ ಮೊದಲಾದ 'ಸಂಯೋಜನೆ'ಗಳನ್ನು ಪರಿಶೀಲನೆಗೆ ಒಳಪಡಿಸುತ್ತವೆ. ಮೊದಲೆರಡು ಅಂಗಗಳು ೨೦೦೯ರ ಮೇ ೨೦ರಂದು ಜಾರಿಗೆ ಬಂದುವು. ಇವೆಲ್ಲವನ್ನೂ ನಡೆಸುವುದು ಭಾರತೀಯ ಸ್ಪರ್ಧಾ ಆಯೋಗ. ಅದರ ಆಜ್ಞೆಗಳ ಮೇಲೆ ೨೦೧೭ರಿಂದ ರಾಷ್ಟ್ರೀಯ ಕಂಪೆನಿ ಕಾನೂನು ಮೇಲ್ಮನವಿ ನ್ಯಾಯಾಧಿಕರಣದಲ್ಲಿ ಮೇಲ್ಮನವಿಗೆ ಅವಕಾಶವಿದೆ.

ಕನ್ನಡಿಗರಿಗೆ ಈ ಆಯೋಗದ ಪರಿಚಯವು ಹೆಚ್ಚಾಗಿ ಚಲನಚಿತ್ರದ ಮೂಲಕ ಆದುದು. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸುವುದಕ್ಕೆ ಇದ್ದ ಅಡ್ಡಿಯನ್ನು ಕುರಿತು ಕನ್ನಡ ಗ್ರಾಹಕರ ಕೂಟವು ದೂರು ಕೊಟ್ಟಿತು. ೨೦೧೫ರ ಜುಲೈ ತಿಂಗಳಲ್ಲಿ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದ ಸಂಘಗಳ ನಡೆಯು ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ ದಂಡವನ್ನು ವಿಧಿಸಿತು. ವೃತ್ತಿ ಸಂಘವೊಂದರ ನಿರ್ಣಯವೂ ಮೂರನೆಯ ಪ್ರಕರಣಕ್ಕೆ ಒಳಪಡುವುದೆಂಬ ಮಾತು ಇದರಿಂದ ಎಲ್ಲರಿಗೂ ತಿಳಿಯಿತು. ಬೆಳೆಗಾರರ ಸಂಘಗಳಿಗಾಗಲಿ ವರ್ತಕರ ಸಂಘಗಳಿಗಾಗಲಿ ಈ ನಿಯಮವು ಬೇರೆಯಲ್ಲ.

ಒಪ್ಪಂದವನ್ನು ಸಾಧಿಸಿ ತೋರಿಸುವುದು ಮಾತ್ರ ಸುಲಭವಲ್ಲ. ಎರಡು ತೀರ್ಪುಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಧಾನ್ಯವನ್ನು ಹುಳುವಿನಿಂದ ಕಾಪಾಡುವ ಅಲ್ಯೂಮಿನಿಯಮ್ ಫಾಸ್ಫೈಡ್ ಮಾತ್ರೆಗಳಿಗಾಗಿ ಭಾರತೀಯ ಆಹಾರ ನಿಗಮವು ೨೦೦೯ರಲ್ಲಿ ಟೆಂಡರು ಕರೆದಾಗ ಕೆಲವು ಕಂಪೆನಿಗಳು ಒಂದೇ ಬೆಲೆಯನ್ನು ನಮೂದಿಸಿದುವು. ಇದು ಕೂಟವೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರ ಎಕ್ಸೆಲ್ ಕ್ರಾಪ್ ಕೇರ್ ತೀರ್ಪಿನಲ್ಲಿ ಒಪ್ಪಿತು. ೨೦೧೮ರ ರಾಜಸ್ಥಾನ್ ಸಿಲಿಂಡರ್ಸ್ ತೀರ್ಪಿನಲ್ಲಿಯಾದರೋ, ಅಡಿಗೆ ಅನಿಲದ ಸಿಲಿಂಡರುಗಳನ್ನು ತಯಾರಿಸುವವರು ಸಮೀಪದ ಬೆಲೆಗಳನ್ನು ಕೊಟ್ಟಿದ್ದರೂ, ಆ ಮಾರುಕಟ್ಟೆಯ ಸ್ಥಿತಿಯೇ ಹಾಗಿದ್ದುದರಿಂದ ಅಷ್ಟರಿಂದಲೇ ಒಳಸಂಚು ಸಿದ್ಧವಾಗದೆಂದು ಅದೇ ನ್ಯಾಯಾಲಯವು ಹೇಳಿತು. ಕಾಫಿಯ ಸೀಮೆಗೆ ಈ ಎರಡನೆಯ ಮಾತು ಬಹಳ ಹತ್ತಿರವಾದುದು. ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲಿಯೂ ರೋಬಸ್ಟಾದ ಬೆಲೆ ಲಂಡನ್ನಿನಲ್ಲಿಯೂ ನಿಂತು ಇಲ್ಲಿಗೆ ಬರುತ್ತದೆ. ಆದುದರಿಂದ ಮೂಡಿಗೆರೆಯ ಇಬ್ಬರು ವರ್ತಕರು ಒಂದೇ ದಿನ ಒಂದೇ ಬೆಲೆಯನ್ನು ಹೇಳಿದರೆಂಬುದು ತಾನಾಗಿಯೇ ಏನನ್ನೂ ಸಾಧಿಸದು. ವಿಚಾರಿಸಬೇಕಾದುದು ಜಗತ್ತಿನ ಬೆಲೆಯನ್ನಲ್ಲ; ಆ ಬೆಲೆಗೂ ಬೆಳೆಗಾರನ ಕೈಗೆ ಬರುವ ಬೆಲೆಗೂ ನಡುವಣ ಅಂತರವನ್ನು. ಕ್ಯೂರಿಂಗಿನ ಕೂಲಿ, ಔಟ್‌ಟರ್ನಿನ ಲೆಕ್ಕ, ತೇವಾಂಶದ ಕಡಿತ, ಸಾಗಾಟದ ವೆಚ್ಚ ಇವೆಲ್ಲ ಅಡಗಿರುವುದು ಆ ಅಂತರದಲ್ಲಿ. ಸ್ಥಳೀಯ ಪೈಪೋಟಿಯ ಇರವಾಗಲಿ ಇಲ್ಲಮೆಯಾಗಲಿ ಕಾಣಿಸಿಕೊಳ್ಳುವುದೂ ಅಲ್ಲಿಯೇ.

೪. ಇತ್ತೀಚಿನ ಬದಲಾವಣೆಗಳು

೨೦೨೩ರ ತಿದ್ದುಪಡಿ ಕಾಯಿದೆಯು ಮೂಲ ಶಾಸನವನ್ನು ಹಲವು ಕಡೆ ಬದಲಿಸಿತು. ಅದರ ಭಾಗಗಳು ೨೦೨೩ ಮತ್ತು ೨೦೨೪ರಲ್ಲಿ ಒಂದೊಂದಾಗಿ ಜಾರಿಗೆ ಬಂದುವು. ಅವುಗಳಲ್ಲಿ ಮುಖ್ಯವಾದುವನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಮೊದಲನೆಯದು, ವಿಲೀನಗಳ ವಿಷಯ. ಹಿಂದೆ ಆಸ್ತಿ ಮತ್ತು ವಹಿವಾಟುಗಳನ್ನು ಮಾತ್ರ ಅಳೆದು ಯಾವ ವಿಲೀನವು ಆಯೋಗದ ಮುಂದೆ ಬರಬೇಕೆಂದು ಗೊತ್ತುಪಡಿಸುತ್ತಿದ್ದರು. ೨೦೨೪ರ ಸೆಪ್ಟೆಂಬರ್ ೧೦ರಿಂದ ವ್ಯವಹಾರದ ಮೊಬಲಗನ್ನೂ ಅಳೆಯುತ್ತಾರೆ. ಅದು ೨,೦೦೦ ಕೋಟಿ ರೂಪಾಯಿಗಳನ್ನು ಮೀರಿದ್ದು, ಕೊಳ್ಳಲ್ಪಡುವ ಸಂಸ್ಥೆಗೆ ಭಾರತದಲ್ಲಿ ಗಣನೀಯವಾದ ವ್ಯಾಪಾರವಿದ್ದರೆ ಆಯೋಗಕ್ಕೆ ಮುಂಚಿತವಾಗಿ ತಿಳಿಸಲೇಬೇಕು. ಒಟ್ಟು ಪರಿಶೀಲನೆಯ ಅವಧಿಯು ೨೧೦ ದಿನಗಳಿಂದ ೧೫೦ ದಿನಗಳಿಗೆ ಇಳಿಯಿತು.

ಎರಡನೆಯದು, ದಂಡದ ವಿಷಯ. ಮೇಲೆ ಹೇಳಿದ ಎಕ್ಸೆಲ್ ತೀರ್ಪಿನಲ್ಲಿ, ತಪ್ಪು ನಡೆದ ಸರಕಿನ ವಹಿವಾಟಿನ ಮೇಲೆ ಮಾತ್ರ ದಂಡವನ್ನು ಲೆಕ್ಕ ಹಾಕಬೇಕೆಂದು ನ್ಯಾಯಾಲಯವು ಹೇಳಿತ್ತು. ತಿದ್ದುಪಡಿಯ ಪ್ರಕಾರ ಈಗ ಸಂಸ್ಥೆಯ ಜಾಗತಿಕ ವಹಿವಾಟಿನ ಶೇಕಡ ೧೦ರವರೆಗೆ ದಂಡ ಹೋಗಬಹುದು. ಹಲವು ಸರಕುಗಳನ್ನು ಮಾರುವ ದೊಡ್ಡ ಕಂಪೆನಿಗೆ ಇದರಿಂದ ಭಯವು ಹೆಚ್ಚಿತೆನ್ನುವುದರಲ್ಲಿ ಸಂದೇಹವಿಲ್ಲ.

ಮೂರನೆಯದು, ಒಪ್ಪಂದಕ್ಕೆ ತಾನು ನೇರವಾಗಿ ಸೇರದೆ ನಡುವೆ ನಿಂತು ನಡೆಸಿಕೊಟ್ಟವನೂ ಈಗ ಹೊಣೆಗಾರನಾಗುತ್ತಾನೆ. ನಾಲ್ಕನೆಯದು, ಕೂಟಗಳನ್ನು ಬಿಟ್ಟು ಉಳಿದ ಪ್ರಕರಣಗಳಲ್ಲಿ ರಾಜಿಗೆ ಅವಕಾಶವಾಯಿತು; ಗೂಗಲ್ ಕಂಪೆನಿಯ ಆಂಡ್ರಾಯ್ಡ್ ಟಿ.ವಿ. ಪ್ರಕರಣವು ೨೦೨೫ರಲ್ಲಿ ಹೀಗೆ ಮುಗಿಯಿತು. ಐದನೆಯದು, ದೂರನ್ನು ಕಾರಣ ಹುಟ್ಟಿದ ಮೂರು ವರ್ಷಗಳೊಳಗೆ ಕೊಡಬೇಕು. ಹಳೆಯ ಅನ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಯುವ ಬೆಳೆಗಾರನು ಈ ಕೊನೆಯ ಮಾತನ್ನು ಮರೆಯಬಾರದು.

ವಿಲೀನಕ್ಕೆ ಸಂಬಂಧಿಸಿದಂತೆ ಇನ್ನೊಂದು ತೀರ್ಪನ್ನೂ ಹೇಳಬೇಕು. ದಿವಾಳಿಯಾದ ಹಿಂದುಸ್ತಾನ್ ನ್ಯಾಷನಲ್ ಗ್ಲಾಸ್ ಕಂಪೆನಿಯನ್ನು ಕೊಳ್ಳುವ ವಿಷಯದಲ್ಲಿ, ಸಾಲಗಾರರಿಗೆ ಸಾಲ ಕೊಟ್ಟವರ ಸಮಿತಿಯು ಯೋಜನೆಯನ್ನು ಒಪ್ಪುವ ಮೊದಲೇ ಸ್ಪರ್ಧಾ ಆಯೋಗದ ಅನುಮತಿ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜನವರಿ ೨೯ರಂದು ಬಹುಮತದಿಂದ ನಿರ್ಣಯಿಸಿತು.

೫. ಮಲೆಸೀಮೆಗೆ ಅನ್ವಯಿಸಿ ನೋಡಿದರೆ

ಈ ಶಾಸನವನ್ನು ಕಾಫಿಯ ಬೆಟ್ಟಗಳಿಗೆ ತಂದು ನೋಡೋಣ. ಈಚಿನ ವರ್ಷಗಳಲ್ಲಿ ಈ ಉದ್ಯಮದಲ್ಲಿ ನಡೆದ ದೊಡ್ಡ ಮಾರ್ಪಾಡೊಂದು ಟಾಟಾ ಕಾಫಿಯದು. ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತೋಟಗಳನ್ನು ಹೊಂದಿದ್ದ ಈ ಕಂಪೆನಿಯ ಪುನಾರಚನೆಯನ್ನು ೨೦೨೨ರ ಮಾರ್ಚಿಯಲ್ಲಿ ಪ್ರಕಟಿಸಲಾಯಿತು. ೨೦೨೪ರ ಜನವರಿ ೧ರಂದು ಅದು ಕಾರ್ಯಗತವಾಯಿತು. ತೋಟದ ವ್ಯವಹಾರವು ಟಾಟಾ ಕನ್ಸ್ಯೂಮರ್ ಕಂಪೆನಿಯ ಅಂಗಸಂಸ್ಥೆಯೊಂದಕ್ಕೆ ಹೋಯಿತು. ಉಳಿದುದು ಟಾಟಾ ಕನ್ಸ್ಯೂಮರಿನಲ್ಲಿಯೇ ಸೇರಿತು. ಟಾಟಾ ಕಾಫಿಯ ೧೦ ಷೇರುಗಳಿಗೆ ಒಟ್ಟಿನಲ್ಲಿ ಟಾಟಾ ಕನ್ಸ್ಯೂಮರಿನ ೩ ಷೇರುಗಳು ದೊರೆತುವು. ಹೆಸರು ಅಳಿಸಿ ಹೋದರೂ ಒಡೆತನವು ಕೈ ಬದಲಿಸಲಿಲ್ಲ. ಟಾಟಾ ಕಾಫಿಯ ಅರ್ಧಕ್ಕಿಂತ ಹೆಚ್ಚು ಷೇರುಗಳು ಮೊದಲೇ ಟಾಟಾ ಕನ್ಸ್ಯೂಮರಿನ ಕೈಯಲ್ಲಿದ್ದುವು. ಒಂದೇ ಸಮೂಹದೊಳಗೆ, ನಿಯಂತ್ರಣವು ಬದಲಾಗದೆ ನಡೆಯುವ ಇಂತಹ ಮಾರ್ಪಾಡುಗಳಿಗೆ ಆಯೋಗದ ಪೂರ್ವಾನುಮತಿಯಿಂದ ಸಾಮಾನ್ಯವಾಗಿ ವಿನಾಯಿತಿಯಿದೆ. ಇದು ಯುಕ್ತವೇ, ಏಕೆಂದರೆ ಇಬ್ಬರು ಪ್ರತಿಸ್ಪರ್ಧಿಗಳು ಇಲ್ಲಿ ಒಂದಾಗುತ್ತಿಲ್ಲ. ಇನ್ನೊಂದು ಉದಾಹರಣೆ: ೨೦೧೯ರಲ್ಲಿ ಸಿದ್ಧಾರ್ಥರು ಮತ್ತು ಕಾಫಿ ಡೇ ಸಂಸ್ಥೆಗಳು ಮೈಂಡ್‌ಟ್ರೀ ಕಂಪೆನಿಯಲ್ಲಿ ಹೊಂದಿದ್ದ ಶೇಕಡ ೨೦ಕ್ಕೆ ಮೀರಿದ ಷೇರುಗಳನ್ನು ಲಾರ್ಸನ್ ಅಂಡ್ ಟೂಬ್ರೊ ಕೊಂಡಾಗ ಸ್ಪರ್ಧಾ ಆಯೋಗವು ಅನುಮತಿಯನ್ನು ಕೊಟ್ಟಿತು. ಮಾರಿದವರು ಕಾಫಿ ನಾಡಿನವರಾದರೂ ಅಲ್ಲಿ ಪರಿಶೀಲನೆಗೆ ಬಂದುದು ಸಾಫ್ಟ್‌ವೇರಿನ ಮಾರುಕಟ್ಟೆ, ಕಾಫಿಯದಲ್ಲ.

ಹಾಗಾದರೆ ಬೆಳೆಗಾರನನ್ನು ನೇರವಾಗಿ ತಟ್ಟುವ ವಿಲೀನ ಯಾವುದು? ಒಂದು ಹೋಬಳಿಯ ಕಾಫಿಯನ್ನು ಕೊಳ್ಳುವ ಎರಡು ಕ್ಯೂರಿಂಗ್ ವರ್ಕ್ಸ್‌ಗಳು ಅಥವಾ ಇಬ್ಬರು ರಫ್ತುದಾರರು ಒಂದಾಗುವುದು. ಇಲ್ಲಿ ಶಾಸನದ ಅಳತೆಗೋಲನ್ನು ಗಮನಿಸಬೇಕು. ೨೦೨೪ರ ನಿಯಮಗಳಂತೆ, ಕೊಳ್ಳಲ್ಪಡುವ ಸಂಸ್ಥೆಯ ಭಾರತದಲ್ಲಿನ ಆಸ್ತಿಯು ೪೫೦ ಕೋಟಿ ರೂಪಾಯಿಗಳನ್ನು ಅಥವಾ ವಹಿವಾಟು ೧,೨೫೦ ಕೋಟಿ ರೂಪಾಯಿಗಳನ್ನು ಮೀರದಿದ್ದರೆ, ಆಸ್ತಿ ವಹಿವಾಟುಗಳ ಲೆಕ್ಕದಲ್ಲಿ ಆ ವ್ಯವಹಾರವು ಆಯೋಗದ ಮುಂದೆ ಬರಬೇಕಾಗಿಲ್ಲ. ಒಂದು ತಾಲ್ಲೂಕಿನ ಕ್ಯೂರಿಂಗ್ ವರ್ಕ್ಸ್ ಈ ಅಳತೆಗೆ ನಿಲುಕುವುದು ಅಪೂರ್ವ. ದೇಶದ ದೃಷ್ಟಿಯಿಂದ ಅದು ಸಣ್ಣ ವ್ಯವಹಾರ. ಆದರೆ ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾದ ಕಳಸದಂತಹ ಕಡೆ, ಬೆಟ್ಟದ ದಾರಿಯಲ್ಲಿ ಚೀಲಗಳನ್ನು ದೂರಕ್ಕೆ ಸಾಗಿಸಲಾರದ ಹಿಡುವಳಿದಾರನಿಗೆ ಅದೇ ಅವನ ಮಾರುಕಟ್ಟೆಯ ಅರ್ಧವಾಗಿರಬಹುದು.

ಇದರಿಂದ ಒಂದು ವೈಚಿತ್ರ್ಯವು ಹುಟ್ಟುತ್ತದೆ. ಮೂರನೆಯ ಪ್ರಕರಣಕ್ಕೆ ಹಣದ ಅಳತೆಗೋಲಿಲ್ಲ. ಅದು 'ಮಾರಾಟದ ಬೆಲೆ'ಯನ್ನು ಮಾತ್ರವಲ್ಲದೆ 'ಖರೀದಿಯ ಬೆಲೆ'ಯನ್ನು ಗೊತ್ತುಪಡಿಸುವ ಒಪ್ಪಂದವನ್ನೂ ಸ್ಪಷ್ಟವಾಗಿ ನಿಷೇಧಿಸುತ್ತದೆ. ಆದುದರಿಂದ ಇಬ್ಬರು ಸಣ್ಣ ಕೊಳ್ಳುಗರು ಬೆಳೆಗಾರನಿಗೆ ಇಷ್ಟೇ ಬೆಲೆ ಕೊಡೋಣವೆಂದು ಒಪ್ಪಿಕೊಂಡರೆ ಅದು ಅಪರಾಧ. ಅದೇ ಇಬ್ಬರು ಒಂದೇ ಕಂಪೆನಿಯಾಗಿ ಅದೇ ಬೆಲೆಯನ್ನು ಕೊಟ್ಟರೆ ಪ್ರಶ್ನೆಯೇ ಇಲ್ಲ. ಒಂದಾದ ಮೇಲೆ ಅವರು ಪ್ರಬಲರೆಂದು ತೋರಿಸಿ ನಾಲ್ಕನೆಯ ಪ್ರಕರಣವನ್ನು ಹಿಡಿಯಬಹುದು. ಖರೀದಿಯಲ್ಲಿ ಅನ್ಯಾಯವಾದ ಬೆಲೆಯನ್ನು ವಿಧಿಸುವುದೂ ಅಲ್ಲಿ ನಿಷಿದ್ಧ. ಆದರೆ ಅದು ಕಾಯಿಲೆ ಬಂದ ಮೇಲಿನ ಔಷಧ. ವಿಲೀನದ ಪರಿಶೀಲನೆಯು ಬರುವ ಮೊದಲಿನ ಎಚ್ಚರಿಕೆ. ದೊಡ್ಡ ವಿಲೀನವು ಆಯೋಗದ ಮುಂದೆ ಬಂದಾಗಲೂ, ಇಪ್ಪತ್ತನೆಯ ಪ್ರಕರಣದಲ್ಲಿ ಎಣಿಸಿರುವ ಅಂಶಗಳಲ್ಲಿ ಬೆಲೆಯನ್ನು 'ಏರಿಸುವ' ಶಕ್ತಿಯ ಮಾತಿದೆಯೇ ಹೊರತು, ಬೆಳೆಗಾರನ ಬೆಲೆಯನ್ನು 'ಇಳಿಸುವ' ಶಕ್ತಿಯ ಮಾತು ಹೆಸರು ಹಿಡಿದು ಬಂದಿಲ್ಲ. ಲಾಭದ ಅಂತರವನ್ನು ಹೆಚ್ಚಿಸಿಕೊಳ್ಳುವ ಶಕ್ತಿ, ಎದುರು ಪಕ್ಷದ ಸಮತೂಕದ ಬಲ ಎಂಬ ಮಾತುಗಳ ಆಸರೆಯಿಂದ ಅದನ್ನು ವಾದಿಸಬೇಕಾಗುತ್ತದೆ.

ಎರಡನೆಯ ತೊಡಕು ರಫ್ತಿನದು. ಭಾರತದ ಕಾಫಿಯಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲು ವಿದೇಶಗಳಿಗೆ ಹೋಗುತ್ತದೆ. ಕೇವಲ ರಫ್ತಿಗೆ ಮಾತ್ರ ಸಂಬಂಧಿಸಿದ ಒಪ್ಪಂದಗಳನ್ನು ಮೂರನೆಯ ಪ್ರಕರಣದ ಐದನೆಯ ಉಪಪ್ರಕರಣವು ನಿಷೇಧದ ಹೊರಗಿಟ್ಟಿದೆ. ಕಾಫಿಯನ್ನು ಹೊರಗೆ ಮಾರುವ ಬೆಲೆಯ ಒಪ್ಪಂದಕ್ಕೆ ಈ ರಕ್ಷಣೆಯುಂಟು. ರಫ್ತಿಗಾಗಿಯೇ ಕೊಳ್ಳುವ ಕಾಫಿಗೆ ಒಳನಾಡಿನ ಬೆಳೆಗಾರನಿಗೆ ಕೊಡುವ ಬೆಲೆಯನ್ನು ಕುರಿತ ಒಪ್ಪಂದಕ್ಕೂ ಅದು ಉಂಟೇ? ಆ ಖರೀದಿಯು ನಡೆಯುವುದು ಭಾರತದಲ್ಲಿ, ಹಾನಿಯಾಗುವುದು ಭಾರತದ ಮಾರುಕಟ್ಟೆಗೆ. ಆದುದರಿಂದ 'ಮಾತ್ರ' ಎಂಬ ಮಾತನ್ನು ಬಿಗಿಯಾಗಿ ಅರ್ಥಮಾಡಿ, ರಕ್ಷಣೆಯಿಲ್ಲವೆಂದು ಹೇಳುವುದೇ ಸರಿಯೆಂದು ನಮಗೆ ತೋರುತ್ತದೆ. ಅಮೆರಿಕದಲ್ಲಿ ಹೋಲತಕ್ಕ ಪ್ರಶ್ನೆಯೊಂದು ಬಹಳ ಹಿಂದೆಯೇ ಎದ್ದಿತ್ತು. ಕ್ಯಾಲಿಫೋರ್ನಿಯಾದ ಸಕ್ಕರೆ ಕಂಪೆನಿಗಳು ಬೀಟ್ ಗೆಡ್ಡೆ ಬೆಳೆಯುವ ರೈತರಿಗೆ ಏಕಪ್ರಕಾರದ ಬೆಲೆಯನ್ನು ಕೊಡಲು ಒಪ್ಪಿಕೊಂಡುದನ್ನು ಅಲ್ಲಿಯ ಸುಪ್ರೀಂ ಕೋರ್ಟು ೧೯೪೮ರಲ್ಲಿ ನಿಷಿದ್ಧವೆಂದಿತು. ಶಾಸನವು ಕೊಳ್ಳುವವನನ್ನು ಕಾಪಾಡುವಂತೆಯೇ ಮಾರುವವನನ್ನೂ ಕಾಪಾಡುತ್ತದೆಂದು ಸ್ಪಷ್ಟಪಡಿಸಿತು.

ಮೂರನೆಯ ತೊಡಕು ಬೆಳೆಗಾರರ ಒಗ್ಗಟ್ಟಿನದು. ಕೊಳ್ಳುಗರು ಒಂದಾದರೆ ಬೆಳೆಗಾರರೂ ಒಂದಾಗಬೇಕೆಂಬುದು ಸಹಜವಾದ ಉತ್ತರ. ಆದರೆ ಕಾಯಿದೆಯು 'ಕೂಟ'ವನ್ನು ವಿವರಿಸುವಾಗ ಉತ್ಪಾದಕರ ಸಂಘವನ್ನೂ ಹೆಸರಿಸಿದೆ. ಅಮೆರಿಕವು ೧೯೨೨ರ ಕ್ಯಾಪರ್-ವೋಲ್‌ಸ್ಟೆಡ್ ಕಾಯಿದೆಯಿಂದ ರೈತರ ಸಹಕಾರ ಮಾರಾಟಕ್ಕೆ ಕೊಟ್ಟಂತಹ ವಿಶೇಷ ರಕ್ಷಣೆಯನ್ನು ನಮ್ಮ ಕಾಯಿದೆಯು ಕೊಟ್ಟಿಲ್ಲ. ದಕ್ಷತೆಯನ್ನು ಹೆಚ್ಚಿಸುವ ಜಂಟಿ ಉದ್ಯಮಗಳನ್ನು ಮಾತ್ರ ಅದು ಮೊದಲೇ ತಪ್ಪೆಂದು ಭಾವಿಸುವುದಿಲ್ಲ. ಆದುದರಿಂದ ಸಭೆ ಸೇರಿ 'ಈ ಬೆಲೆಗಿಂತ ಕೆಳಗೆ ಯಾರೂ ಮಾರಬಾರದು' ಎಂದು ನಿರ್ಣಯಿಸುವುದು ಅಪಾಯಕರ. ಸಹಕಾರ ಸಂಘ ಅಥವಾ ಉತ್ಪಾದಕರ ಕಂಪೆನಿಯೊಂದನ್ನು ಕಟ್ಟಿ, ಕಾಫಿಯನ್ನು ಒಟ್ಟುಗೂಡಿಸಿ, ಹದಗೊಳಿಸಿ, ಒಂದೇ ಕೈಯಿಂದ ಮಾರುವುದು ಹೆಚ್ಚು ಸುರಕ್ಷಿತ.

ಪೂಲನ್ನು ಮತ್ತೆ ತರಬೇಕೆಂಬ ಮಾತಿಗೂ ಈಗ ಹೊಸ ಕಾನೂನಿನ ಹಿನ್ನೆಲೆಯಿದೆ. ಶಾಸನದಿಂದಲೇ ಏಕಸ್ವಾಮ್ಯವನ್ನು ಪಡೆದ ಸರ್ಕಾರಿ ಸಂಸ್ಥೆಯೂ ಸ್ಪರ್ಧಾ ಕಾಯಿದೆಗೆ ಒಳಪಟ್ಟುದೆಂದು ಸರ್ವೋಚ್ಚ ನ್ಯಾಯಾಲಯವು ಕೋಲ್ ಇಂಡಿಯಾ ಪ್ರಕರಣದಲ್ಲಿ ೨೦೨೩ರ ಜೂನ್ ೧೫ರಂದು ತೀರ್ಪಿತ್ತಿದೆ. ೧೯೪೨ರ ಮಾದರಿಯ ಮಂಡಳಿಯೊಂದು ಇಂದು ಬೆಳೆಗಾರನಿಗೆ ಹಣವನ್ನು ತಡಮಾಡಿದರೆ, ಅವನು ಕೇಳಬಹುದಾದ ಪೀಠವೊಂದು ಇದೆಯೆಂದು ಇದರ ಅರ್ಥ.

೬. ಉಪಸಂಹಾರ

ಮೇಲಣ ವಿವೇಚನೆಯಿಂದ ತಿಳಿಯುವುದಿಷ್ಟು. ಕಾಫಿಯ ಸೀಮೆಯಲ್ಲಿ ಕೊಳ್ಳುಗನ ಬಲವು ಅರ್ಧ ಶತಮಾನ ಶಾಸನದಿಂದಲೇ ಒಂದು ಕೈಯಲ್ಲಿ ನೆಲಸಿತ್ತು; ಅನಂತರ ಶಾಸನದ ಕಣ್ಣಿಲ್ಲದ ಕಾಲದಲ್ಲಿ ಅದು ಹಲವು ಕೈಗಳಿಗೆ ಹಂಚಿ ಮತ್ತೆ ಕೆಲವು ಕಡೆ ಕೂಡಿಕೊಂಡಿತು; ಈಗಿನ ಶಾಸನವು ಬಲವಾದುದಾದರೂ ಅದರ ಬಲೆಯ ಕಣ್ಣುಗಳು ದೊಡ್ಡವು. ದೇಶದ ಮಟ್ಟದಲ್ಲಿ ಸಣ್ಣದೆನಿಸಿ ತಾಲ್ಲೂಕಿನ ಮಟ್ಟದಲ್ಲಿ ದೊಡ್ಡದಾದ ವಿಲೀನಗಳು ಆ ಕಣ್ಣುಗಳಿಂದ ಜಾರುತ್ತವೆ. ಕೃಷಿ ಉತ್ಪನ್ನಗಳ ಖರೀದಿಗೆ ಪ್ರತ್ಯೇಕವಾದ, ಕಡಿಮೆಯ ಅಳತೆಗೋಲೊಂದನ್ನು ಗೊತ್ತುಪಡಿಸುವುದೂ, ರಫ್ತಿನ ವಿನಾಯಿತಿಯು ಒಳನಾಡಿನ ಖರೀದಿಯ ಬೆಲೆಗೆ ತಗಲದೆಂದು ಸ್ಪಷ್ಟಪಡಿಸುವುದೂ ಯೋಗ್ಯವಾದ ಸುಧಾರಣೆಗಳೆಂದು ನಾವು ಅಭಿಪ್ರಾಯಪಡುತ್ತೇವೆ.

ಈ ವಿಷಯದಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಬಹಳವಿದೆ. ಯಾವ ಹೋಬಳಿಯಲ್ಲಿ ಎಷ್ಟು ಮಂದಿ ಸ್ವತಂತ್ರ ಕೊಳ್ಳುಗರಿದ್ದಾರೆ, ಒಬ್ಬ ಬೆಳೆಗಾರನು ಒಂದು ಸುಗ್ಗಿಯಲ್ಲಿ ಎಷ್ಟು ಕಡೆ ಬೆಲೆ ವಿಚಾರಿಸುತ್ತಾನೆ, ಮುಂಗಡ ಸಾಲವು ಅವನನ್ನು ಒಬ್ಬನೇ ವರ್ತಕನಿಗೆ ಕಟ್ಟಿಹಾಕುತ್ತದೆಯೇ ಎಂಬ ಸಂಗತಿಗಳನ್ನು ಪಾರ್ಚ್‌ಮೆಂಟಿಗೂ ಚೆರಿಗೂ ಬೇರೆ ಬೇರೆಯಾಗಿ ಸಂಗ್ರಹಿಸಬೇಕು. 'ಸಂಬಂಧಿತ ಮಾರುಕಟ್ಟೆ' ಯಾವುದೆಂದು ಆಯೋಗವು ಕೇಳುವ ಮೊದಲ ಪ್ರಶ್ನೆಗೆ ಉತ್ತರವು ದೊರೆಯುವುದು ಇಂತಹ ಲೆಕ್ಕಗಳಿಂದ. ಕಾಲೇಜುಗಳು ತಮ್ಮ ಸುತ್ತಣ ಗ್ರಾಮಗಳಲ್ಲಿ ಈ ಕಾರ್ಯವನ್ನು ಕೈಗೊಂಡರೆ ಅದು ಚರಿತ್ರೆಗೂ ಉಪಕಾರವಾದೀತು, ಬೆಳೆಗಾರನಿಗೂ ಉಪಕಾರವಾದೀತು.